ಖಾಲಿ ಗಾಡಿಯ ತೂಕ

ಕ್ಲೀವ್‌ಲ್ಯಾಂಡಿನ ಗುಜರಿ ಅಂಗಳದಲ್ಲಿ
ಇಪ್ಪತ್ತೆರಡು ವರ್ಷದಿಂದ ಲಾರಿ ತೂಗುತ್ತೇನೆ.
ಒಳಗೆ ಬರುವಾಗ ಒಮ್ಮೆ, ಸುರಿದು ಹೋಗುವಾಗ ಒಮ್ಮೆ;
ಖಾಲಿ ಗಾಡಿಯ ತೂಕ ಕಳೆದರೆ ಉಳಿದದ್ದು ಸರಕು.
ಇಷ್ಟೇ ಲೆಕ್ಕ. ಇದರ ಮೇಲೇ ಮನೆ ನಡೆಯಿತು, ಮಗಳು ಬೆಳೆದಳು.

ಈಗ ಅಡುಗೆಮನೆಯ ಮೇಜಿನ ಮೇಲೆ ಒಂದು ನೀಲಿ ಲಕೋಟೆ.
ತೇಯಾಗೆ ಸೀಟು ಸಿಕ್ಕಿದೆ,
ಪೇಟೆ ನಡುವಿನ ಪಾದ್ರಿಗಳ ಯೂನಿವರ್ಸಿಟಿಯಲ್ಲಿ.
ವರ್ಷಕ್ಕೆ ನಲವತ್ತೊಂಬತ್ತು ಸಾವಿರ ಡಾಲರು,
ಮೂವತ್ತೊಂದು ಅವರೇ ಬಿಡುತ್ತಾರಂತೆ.
ಊಟ ಬೇರೆ, ಪುಸ್ತಕ ಬೇರೆ, ಕಾರು ನಿಲ್ಲಿಸುವುದೂ ಬೇರೆ.
ವೆಸ್ನಾ ಗ್ಯಾಸ್ ಬಿಲ್ಲಿನ ಬೆನ್ನಿಗೆ ಎರಡು ಕಾಲಂ ಗೀಚಿದ್ದಾಳೆ.
ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ:
ಒಳ್ಳೆಯ ನರ್ಸಿಂಗ್ ವಿಭಾಗವನ್ನು ಈ ಕಡೆ ಕೂರಿಸಿದರೆ
ರಾತ್ರಿ ಹನ್ನೊಂದರ ಬಸ್ ನಿಲ್ದಾಣ ಆ ಕಡೆಯಿಂದ ಜಿಗಿಯುತ್ತದೆ.
ಅತ್ತೆಯ ಸಂತೋಷ ಎಷ್ಟು ಪೌಂಡು?
ಕಡ್ಡಾಯ ದೇವಶಾಸ್ತ್ರ, ಎರಡು ಪೇಪರು, ಅದು ಯಾವ ಕಾಲಮ್ಮಿಗೆ?

ನನ್ನ ಬಳಿ ಇದ್ದದ್ದು ಒಂದೇ ಹೆಸರು. ಬರೆಯಲಿಲ್ಲ.
ರೂಡಿ, ನನ್ನ ಅಣ್ಣ.
ಹನ್ನೊಂದಕ್ಕೆ ಪೂಜಾಪೀಠದಲ್ಲಿ ಮೇಣದಬತ್ತಿ ಹಿಡಿಯುತ್ತಿದ್ದ ಹುಡುಗ.
ಹನ್ನೆರಡಕ್ಕೆ ಅಲ್ಲ.
ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನೂ.
ನನ್ನ ಮದುವೆಗೆ ಬಂದ, ಹೊಸ ಕೋಟು ಹಾಕಿಕೊಂಡು;
ಇಗರ್ಜಿಯ ಮೆಟ್ಟಿಲ ಕೆಳಗೆ ಕಾರಿನೊಳಗೇ ಕೂತಿದ್ದ,
ರೇಡಿಯೋ ಹಚ್ಚಿ.

ಆ ಇಗರ್ಜಿ ಮುಚ್ಚಿದಾಗ ಅದರ ಗಂಟೆ
ನನ್ನ ವೇಬ್ರಿಡ್ಜಿಗೇ ಬಂತು. ಸೀಳುಬಿಟ್ಟ ಕಂಚು,
ಹಗ್ಗದ ತುಂಡು ಇನ್ನೂ ನೇತಾಡುತ್ತಿತ್ತು.
ಎಂಟುನೂರ ನಲವತ್ತು ಪೌಂಡು.
ಚೀಟಿ ಹರಿದು ಕೊಟ್ಟೆ, ರೂಡಿಗೆ ಫೋನ್ ಮಾಡಿದೆ.
“ಪೌಂಡಿಗೆ ಎಷ್ಟು ಸಿಕ್ಕಿತು?” ಅಂದ.

ಶನಿವಾರ ಯೂನಿವರ್ಸಿಟಿ ನೋಡಲು ಹೋದೆವು.
ಹುಲ್ಲುಹಾಸು ಅಂಗೈಯಗಲ. ಬೀದಿಯಾಚೆ ಗಿರವಿ ಅಂಗಡಿ,
ಈಚೆ ಕಲ್ಲಿನ ಸಂತ, ಅವನ ಕೈಯಲ್ಲಿ ಯಾರೋ ಇಟ್ಟ ಕಾಫಿ ಲೋಟ.
ಹನ್ನೆರಡಕ್ಕೆ ಗಂಟೆ ಹೊಡೆಯಿತು.
“ಅದು ರೆಕಾರ್ಡಿಂಗು,” ಅಂದ
ಹಿಂದುಹಿಂದಕ್ಕೆ ನಡೆಯುತ್ತ ದಾರಿ ತೋರಿಸುತ್ತಿದ್ದ ಹುಡುಗ.
ತೇಯಾ ನಕ್ಕಳು. ನಾನು ಸುಮ್ಮನೆ
ಸ್ಪೀಕರು ಎಲ್ಲಿದೆಯೆಂದು ಹುಡುಕಿದೆ.

ಕೊನೆಗೆ ಒಬ್ಬ ಮುದುಕ ಪಾದ್ರಿ, ಸ್ವೆಟರಿನ ಮೊಣಕೈಗೆ ತೂತು.
ಬೇರೆಯವರೆಲ್ಲ ಹಾಸ್ಟೆಲ್ ಬಗ್ಗೆ ಕೇಳಿದರು, ಮೆಸ್ಸಿನ ಬಗ್ಗೆ ಕೇಳಿದರು.
ದೇವರನ್ನು ನಂಬದ ನನ್ನ ಮಗಳು ಕೈ ಎತ್ತಿದಳು:
“ಮಕ್ಕಳನ್ನು ಮುಟ್ಟಿದ ಪಾದ್ರಿಗಳ ಹೆಸರು
ನೀವು ಹೊರಗೆ ಹಾಕಿದ್ದೀರಾ?”
ಬಿಸ್ಕತ್ತಿನ ತಟ್ಟೆ ಇದ್ದಲ್ಲೇ ನಿಂತಿತು.
ಯಾರು ಹೇಳಿದರು ಇವಳಿಗೆ?
ವೆಸ್ನಾಳ ಮುಖ ನೋಡಿದೆ; ಅವಳು ನನ್ನದು ನೋಡುತ್ತಿದ್ದಳು.
“ಕೆಲವು,” ಅಂದ ಆತ. “ಎಲ್ಲ ಅಲ್ಲ. ನಾನೂ ಕೇಳುತ್ತಲೇ ಇದ್ದೇನೆ.”
ದೇವರ ಹೆಸರು ಎತ್ತಲಿಲ್ಲ.
ಕಪ್ಪನ್ನು ಕೆಳಗಿಟ್ಟ, ಮತ್ತೆ ಎತ್ತಿಕೊಳ್ಳಲಿಲ್ಲ.

ಹೆದ್ದಾರಿಯಲ್ಲಿ, ಸರೋವರದ ಗಾಳಿ ಕಾರನ್ನು ನೂಕುತ್ತಿರುವಾಗ
ಹಿಂದಿನ ಸೀಟಿನಿಂದ ತೇಯಾ:
“ರೂಡಿ ದೊಡ್ಡಪ್ಪನೇ ಹೇಳಿದ್ದು. ಹೋದ ಬೇಸಿಗೆಯಲ್ಲಿ, ಮೀನು ಹಿಡಿಯುವಾಗ.”
ಸ್ವಲ್ಪ ದೂರ ಯಾರೂ ಮಾತಾಡಲಿಲ್ಲ.
“ಇಲ್ಲಿ ಸೇರಲಾ ಅಂತ ಕೇಳಿದೆಯಾ ಅವನನ್ನ?”
“ಕೇಳಿದೆ. ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ.
ಫೀಸು ಎಷ್ಟು ಅಂದ.”

ಠೇವಣಿ ಕಟ್ಟಲು ಇನ್ನು ನಾಲ್ಕು ದಿನ.
ಭಾನುವಾರ, ಅಂಗಳ ಖಾಲಿ.
ಅವಳನ್ನು ಕೂರಿಸಿಕೊಂಡು ಕಾರನ್ನು ವೇಬ್ರಿಡ್ಜಿಗೆ ಹತ್ತಿಸಿದೆ,
ಚಿಕ್ಕವಳಿದ್ದಾಗ ಆಡಿಸುತ್ತಿದ್ದ ಹಾಗೆ.
ಮೂರು ಸಾವಿರದ ಐನೂರ ಅರವತ್ತು.
ಇಳಿ, ಅಂದೆ. ಇಳಿದಳು.
ಮೂರು ಸಾವಿರದ ನಾನೂರ ನಲವತ್ತು.
ಈ ಯಂತ್ರ ಇಪ್ಪತ್ತಿಪ್ಪತ್ತು ಪೌಂಡಿನ ಹೆಜ್ಜೆ ಇಡುತ್ತದೆ,
ನಡುವೆ ಇದ್ದದ್ದು ಅದಕ್ಕೆ ಕಾಣುವುದಿಲ್ಲ.
ಕೆಂಪು ಅಂಕಿಗಳನ್ನು ನೋಡುತ್ತ ಕೂತೇ ಇದ್ದೆ.
ತೇಯಾ ಕಿಟಕಿ ತಟ್ಟಿದಳು:
“ಚಳಿ, ಅಪ್ಪಾ. ಬಾಗಿಲು ತೆಗಿ.”